ಮೈಸೂರಿನಲ್ಲಿ ಮುಗಿದ ಪಯಣ: ಗಾಯಕಿ ಗೌಹರ್ ಜಾನ್

ಹೆಸರಾಂತ ಗಾಯಕರು ವಯಸ್ಸಾದ ಮೇಲೆ ವಿದಾಯದ ಕಚೇರಿಗಳನ್ನು ನಡೆಸುವುದು ಈಗ ಎಲ್ಲ ದೇಶಗಳಲ್ಲೂ ಕಂಡುಬರುವ ಸಂಗತಿ. ಇಂಗ್ಲೆಂಡಿನ ಪಾಪ್ ಗಾಯಕ ಎಲ್ಟನ್ ಜಾನ್ 2018ರಲ್ಲಿ ವಿದಾಯದ ಪ್ರವಾಸ ಹೊರಟು, ದೇಶದಿಂದ ದೇಶಕ್ಕೆ ಸುತ್ತಿ, 300ಕ್ಕೂ ಹೆಚ್ಚು ಕಚೇರಿ ನಡೆಸಿ, 2023ರ ಜುಲೈನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಅದನ್ನು ಮುಗಿಸಿದರು. ನಮ್ಮ ರಾಜ್ಯದಲ್ಲೂ ಅಂಥ ಒಂದು ಸಂಜೆ ನಡೆಯಿತು. ಸಾವಿರಾರು ಸಿನಿಮಾ ಹಾಡುಗಳನ್ನು ಹಾಡಿದ ಎಸ್. ಜಾನಕಿಯವರು 2017ರ ಅಕ್ಟೋಬರ್ 28ರಂದು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಹಾಡಿ, ವೇದಿಕೆಗೆ ವಿದಾಯ ಹೇಳಿದರು.

ಇಂಥ ವಿದಾಯ ಒಂದು ಭಾಗ್ಯ. ಹಾಡಿದವರಿಗೂ ಕೇಳಿದವರಿಗೂ ಪರಸ್ಪರ ಕೃತಜ್ಞತೆ ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ಆದರೆ ಅದೇ ಮೈಸೂರಿಗೆ 1928ರಲ್ಲಿ ಇನ್ನೊಬ್ಬ ಗಾಯಕಿ ಬಂದಿದ್ದರು. ಒಂದು ಕಾಲಕ್ಕೆ ಭಾರತದಲ್ಲಿ ಅವರಷ್ಟು ಪ್ರಸಿದ್ಧರಾದ ಗಾಯಕಿ ಮತ್ತೊಬ್ಬರಿರಲಿಲ್ಲ. ಕಲ್ಕತ್ತೆಯನ್ನು ಬಿಟ್ಟು, ಊರಿಂದ ಊರಿಗೆ ಅಲೆದು, ಕೊನೆಗೆ ಮೈಸೂರಿನಲ್ಲಿ ನೆಲೆ ಕಂಡು, ಅಲ್ಲಿಯೇ ಕಣ್ಣು ಮುಚ್ಚಿದರು. ಅವರಿಗೆ ವಿದಾಯದ ವೇದಿಕೆ ಯಾರೂ ಕಟ್ಟಲಿಲ್ಲ. ಅವರ ಹೆಸರು ಗೌಹರ್ ಜಾನ್.

ಬಾಲ್ಯ

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗ ಅವರ ಹೆಸರು ಏಂಜಲೀನಾ ಯೋವರ್ಡ್. ತಂದೆ ವಿಲಿಯಂ ರಾಬರ್ಟ್ ಯೋವರ್ಡ್ ಆರ್ಮೇನಿಯನ್ ಮೂಲದವರು, ವೃತ್ತಿಯಲ್ಲಿ ಎಂಜಿನಿಯರ್. ತಾಯಿ ವಿಕ್ಟೋರಿಯಾ ಭಾರತದಲ್ಲೇ ಹುಟ್ಟಿ ಬೆಳೆದವರು. ಹಾಡು ಮತ್ತು ನೃತ್ಯ ಬಲ್ಲವರು. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ, 1879ರಲ್ಲಿ, ತಂದೆತಾಯಿಯರ ಸಂಸಾರ ಮುರಿದುಬಿತ್ತು. ಗಂಡನ ಆಸರೆ ಇಲ್ಲದ ಹೆಂಗಸು ಚಿಕ್ಕ ಮಗಳನ್ನು ಕಟ್ಟಿಕೊಂಡು ಬದುಕುವುದು ಆ ಕಾಲದಲ್ಲಿ ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

1881ರಲ್ಲಿ ಖುರ್ಷಿದ್ ಎಂಬ ಮುಸ್ಲಿಂ ಗೃಹಸ್ಥರ ನೆರವಿನಿಂದ ತಾಯಿ ಮಗಳು ಬನಾರಸಿಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು. ಎಂಟು ವರ್ಷದ ಏಂಜಲೀನಾ ಗೌಹರ್ ಜಾನ್ ಆದಳು. ಗೌಹರ್ ಎಂದರೆ ಪಾರ್ಸಿ ಭಾಷೆಯಲ್ಲಿ ಮುತ್ತು, ರತ್ನ ಎಂದು ಅರ್ಥ. ಮಲ್ಕಾ ಜಾನ್ ಬನಾರಸಿನಲ್ಲಿ ಗಾಯಕಿಯಾಗಿ, ಕಥಕ್ ನರ್ತಕಿಯಾಗಿ ಹೆಸರು ಮಾಡಿದರು. ಅವರು ಉರ್ದು ಕವಯಿತ್ರಿಯೂ ಆಗಿದ್ದರು. ಅವರ ಕವಿತೆಗಳ ಸಂಕಲನ ಪುಸ್ತಕವಾಗಿ ಅಚ್ಚಾಗಿದೆ.

1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಹೋದರು. ಅವಧ್‌ನ ಗದ್ದುಗೆಯನ್ನು ಬ್ರಿಟಿಷರಿಗೆ ಕಳೆದುಕೊಂಡ ನವಾಬ್ ವಾಜಿದ್ ಅಲಿ ಶಾಹ್ ಆಗ ಕಲ್ಕತ್ತೆಯ ಅಂಚಿನ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದರು. ರಾಜ್ಯ ಹೋದರೂ ಅವರ ಸಂಗೀತ ಪ್ರೇಮ ಹೋಗಿರಲಿಲ್ಲ. ಉತ್ತರ ಭಾರತದ ಅನೇಕ ಗಾಯಕರು, ನರ್ತಕರು ಅವರ ಸುತ್ತ ಸೇರಿದ್ದರು. ಮಲ್ಕಾ ಜಾನ್‌ಗೂ ಅಲ್ಲಿ ಆಶ್ರಯ ದೊರೆಯಿತು. ಕೆಲವೇ ವರ್ಷಗಳಲ್ಲಿ ಅವರು ಕಲ್ಕತ್ತೆಯ ಚಿತ್‌ಪುರ ರಸ್ತೆಯಲ್ಲಿ 40,000 ರೂಪಾಯಿ ಕೊಟ್ಟು ಸ್ವಂತ ಮನೆ ಕೊಂಡರು. ಆ ಮನೆಯೇ ಗೌಹರ್ ಅವರ ಪಾಠಶಾಲೆಯಾಯಿತು.

ಕಲಿಕೆ

ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗ ಇದು. ಗೌಹರ್ ಜಾನ್ ಒಬ್ಬ ಗುರುವಿನ ಬಳಿ, ಒಂದು ವಿದ್ಯೆಯನ್ನು ಮಾತ್ರ ಕಲಿತು ನಿಂತವರಲ್ಲ. ಪಟಿಯಾಲಾದ ಕಾಲೇ ಖಾನರಿಂದ ಹಿಂದೂಸ್ತಾನಿ ಗಾಯನ, ಲಖನೌದ ಬಿಂದಾದಿನ್ ಮಹಾರಾಜರಿಂದ ಕಥಕ್, ಸೃಜನ್‌ಬಾಯಿಯವರಿಂದ ಧ್ರುಪದ್, ಚರಣ್‌ದಾಸ್ ಅವರಿಂದ ಬಂಗಾಳಿ ಕೀರ್ತನೆ, ಹೀಗೆ ಒಂದೊಂದು ವಿದ್ಯೆಯನ್ನೂ ಬಲ್ಲವರ ಬಳಿ ಕಲಿತರು. ಹಿಂದೂ ಗುರುಗಳು, ಮುಸ್ಲಿಂ ಉಸ್ತಾದರು ಒಂದೇ ಮನೆಗೆ ಬಂದು ಒಬ್ಬಳೇ ಹುಡುಗಿಗೆ ಪಾಠ ಹೇಳಿದರು. ಹಾಡಿನ ಜೊತೆಗೆ ಭಾಷೆಗಳನ್ನೂ ಅವರು ಕಲಿತರು. ಮುಂದೆ ಹಿಂದೂಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪಾರ್ಸಿ, ಅರಬ್ಬಿ, ಪಷ್ತೋ, ಇಂಗ್ಲಿಷ್, ಫ್ರೆಂಚ್ ಸೇರಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದರು.

1887ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಬಿಹಾರದ ದರ್ಭಂಗಾ ಮಹಾರಾಜರ ಆಸ್ಥಾನದಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅಂದರೆ ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿನಿಯರಿಗಿಂತಲೂ ಚಿಕ್ಕ ವಯಸ್ಸು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಲ್ಕತ್ತೆಯ ಶ್ರೀಮಂತರ ಸಭೆಗಳಿಗೆ ಅವರನ್ನು ಕರೆಸುವುದೇ ಒಂದು ಪ್ರತಿಷ್ಠೆಯಾಯಿತು. ಒಂದು ಸಂಜೆಯ ಹಾಡಿಕೆಗೆ ಸಾವಿರ ರೂಪಾಯಿಗೂ ಮೇಲೆ ಸಂಭಾವನೆ ಪಡೆಯುವಷ್ಟು ಬೆಳೆದರು.

ಆದರೆ ಸಮಾಜದ ಇನ್ನೊಂದು ಮುಖವನ್ನೂ ಹೇಳಬೇಕು. ಗೌಹರ್ ಅವರು ತವಾಯಫ್ ಎಂದು ಕರೆಯಲಾಗುತ್ತಿದ್ದ ಕಲಾವಿದೆಯರ ವರ್ಗಕ್ಕೆ ಸೇರಿದವರು. ಶಾಸ್ತ್ರೀಯ ಸಂಗೀತ, ನೃತ್ಯ, ಕಾವ್ಯಗಳನ್ನು ಕಲಿತು ಉಳಿಸಿಕೊಂಡು ಬಂದವರಲ್ಲಿ ಈ ಹೆಣ್ಣುಮಕ್ಕಳ ಪಾಲು ದೊಡ್ಡದು. ಹಾಗಿದ್ದರೂ ಅವರ ಹಾಡು ಬೇಕಾದವರಿಗೆ ಅವರೊಡನೆ ನೆಂಟಸ್ತಿಕೆ ಬೇಡವಾಗಿತ್ತು. ದಕ್ಷಿಣದಲ್ಲಿ ದೇವಾಲಯದ ನರ್ತಕಿಯರಿಗೂ ಇದೇ ಪಾಡು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಥ ಕಲಾವಿದೆಯರನ್ನು ಸಭೆ ಸಮಾರಂಭಗಳಿಗೆ ಕರೆಯಬಾರದೆಂಬ ಚಳವಳಿಯೂ ಬಲವಾಯಿತು. ಈ ಗೌರವ, ಅಗೌರವಗಳೆರಡನ್ನೂ ಗೌಹರ್ ತಮ್ಮ ಜೀವನವಿಡೀ ಅನುಭವಿಸಿದರು.

ಪ್ಲೇಟಿನ ಮೇಲೆ ಹೆಸರು

1902ರ ನವೆಂಬರ್ ತಿಂಗಳು ಅವರ ಬದುಕನ್ನು ಬದಲಿಸಿತು. ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞರನ್ನು ಪೂರ್ವ ದೇಶಗಳಿಗೆ ಕಳುಹಿಸಿತ್ತು. ಅವರು ಕಲ್ಕತ್ತೆಯ ಹೋಟೆಲಿನ ಕೋಣೆಯೊಂದನ್ನೇ ತಾತ್ಕಾಲಿಕ ಸ್ಟುಡಿಯೋ ಮಾಡಿಕೊಂಡರು. ಅಲ್ಲಿ ಗೌಹರ್ ಹಾಡಿದರು. ಆ ಸಲದ ಧ್ವನಿಮುದ್ರಣಕ್ಕೆ ಅವರು ಪಡೆದ ಸಂಭಾವನೆ 3,000 ರೂಪಾಯಿ. ಭಾರತದಲ್ಲಿ ಗ್ರಾಮಫೋನ್ ಪ್ಲೇಟಿಗೆ ಹಾಡಿದ ಮೊದಲಿಗರಲ್ಲಿ ಅವರೊಬ್ಬರು; ಪ್ಲೇಟಿನಿಂದಲೇ ದೇಶವಿಡೀ ಹೆಸರಾದ ಮೊದಲ ದೊಡ್ಡ ಗಾಯಕಿ ಅವರೇ.

ಆಗ ಧ್ವನಿಮುದ್ರಣ ಹೇಗಿತ್ತೆಂದು ಇಂದಿನವರು ಊಹಿಸುವುದು ಕಷ್ಟ. ಮೈಕ್ ಇರಲಿಲ್ಲ, ವಿದ್ಯುತ್ತಿನ ಸಹಾಯವಿರಲಿಲ್ಲ. ಗೋಡೆಯಿಂದ ಹೊರಚಾಚಿದ ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಯ ಕಂಪನಕ್ಕೆ ಕಹಳೆಯ ಕೊನೆಯ ಸೂಜಿ ಅಲುಗಿ, ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಪ್ಪಿದರೆ ತಿದ್ದುವಂತಿಲ್ಲ; ಮೊದಲಿಂದ ಹಾಡಬೇಕು. ಪ್ಲೇಟಿನ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸಿ ಅಭ್ಯಾಸವಿದ್ದ ಅನೇಕ ಉಸ್ತಾದರು ಇದನ್ನು ಒಪ್ಪಲಿಲ್ಲ. ಗೌಹರ್ ಒಪ್ಪಿದರು. ರಾಗದ ಸಾರವನ್ನು ಮೂರು ನಿಮಿಷದಲ್ಲಿ ಹಿಡಿದಿಡುವ ಬಗೆಯನ್ನು ಅವರು ಕಂಡುಕೊಂಡರು. ಇಂದಿನ ಸಿನಿಮಾ ಹಾಡು ಮೂರು ನಾಲ್ಕು ನಿಮಿಷದಲ್ಲಿ ಮುಗಿಯುವ ರೂಢಿಯ ಬೇರು ಹುಡುಕಿದರೆ ಆ ಪ್ಲೇಟುಗಳವರೆಗೂ ಹೋಗಬೇಕಾಗುತ್ತದೆ.

ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅಚ್ಚಾಗಿ ಪ್ಲೇಟುಗಳಾಗಿ ಹಿಂದಿರುಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲು ಈ ಏರ್ಪಾಡು. ಆದರೆ ಮನೆಯಲ್ಲಿ ಪ್ಲೇಟು ಹಾಕಿ ಕೇಳುವ ಜನರಿಗೂ ಆ ಹೆಸರು ಹಾಡಿನದೇ ಭಾಗವಾಗಿಬಿಟ್ಟಿತು.

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠವನ್ನು ಗಮನವಿಟ್ಟು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಆದ್ದರಿಂದಲೇ 900 ವರ್ಷ ಕಳೆದರೂ ಅವರು ಯಾರೆಂದು ನಮಗೆ ಗೊತ್ತು. ಕಲ್ಲಿನ ಮೇಲೆ ಅವರು ಮಾಡಿದ್ದನ್ನೇ ಗೌಹರ್ ಜಾನ್ ಪ್ಲೇಟಿನ ಮೇಲೆ ಮಾಡಿದರು.

ಕೀರ್ತಿಯ ದಿನಗಳು

1902ರಿಂದ 1920ರವರೆಗೆ ಅವರು ಸುಮಾರು 600 ಹಾಡುಗಳನ್ನು ಧ್ವನಿಮುದ್ರಿಸಿದರು. ಅವರ ಚಿತ್ರ ಪೋಸ್ಟ್ ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಬಂತು. ಧ್ವನಿಮುದ್ರಣಕ್ಕೆ ಬರುವಾಗ ಒಮ್ಮೆ ಉಟ್ಟ ಉಡುಪನ್ನು, ತೊಟ್ಟ ಒಡವೆಯನ್ನು ಅವರು ಇನ್ನೊಮ್ಮೆ ತೊಡುತ್ತಿರಲಿಲ್ಲವೆಂದು ಗೈಸ್‌ಬರ್ಗ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಸಾಕಿದ ಬೆಕ್ಕು ಮರಿ ಹಾಕಿತೆಂದು 20,000 ರೂಪಾಯಿ ಖರ್ಚು ಮಾಡಿ ಔತಣ ಕೊಟ್ಟರೆಂಬ ಕಥೆ ಇಂದಿಗೂ ಓಡಾಡುತ್ತಿದೆ. ಕಥೆ ಎಷ್ಟು ನಿಜವೋ, ಜನ ಅವರನ್ನು ಯಾವ ಎತ್ತರದಲ್ಲಿಟ್ಟು ನೋಡುತ್ತಿದ್ದರೆಂಬುದು ಅದರಿಂದ ತಿಳಿಯುತ್ತದೆ.

1910ರಲ್ಲಿ ಮದ್ರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಅಲಹಾಬಾದಿನ ಗಾಯಕಿ ಜಾನಕಿಬಾಯಿಯವರೊಡನೆ ಕೂಡಿ ಹಾಡಿದರು. ಸ್ವಾತಂತ್ರ್ಯ ಹೋರಾಟದ ಕಾಲದ ಇನ್ನೊಂದು ಪ್ರಸಂಗವನ್ನೂ ಹೇಳುತ್ತಾರೆ. ಸ್ವರಾಜ್ಯ ನಿಧಿಗೆ ಹಣ ಕೂಡಿಸಿಕೊಡಲು ಗಾಂಧೀಜಿ ಕೇಳಿಕೊಂಡಾಗ, ಅವರೇ ಬಂದು ಕೇಳುವುದಾದರೆ ಹಾಡುತ್ತೇನೆಂದು ಗೌಹರ್ ಒಪ್ಪಿದರಂತೆ. ಕಚೇರಿಯ ದಿನ ಗಾಂಧೀಜಿ ಬರಲಾಗಲಿಲ್ಲ. ಹಣ ತರಲು ಮೌಲಾನಾ ಶೌಕತ್ ಅಲಿಯವರು ಬಂದಾಗ, ಕೂಡಿದ 24,000 ರೂಪಾಯಿಯಲ್ಲಿ ಅರ್ಧವನ್ನು ಮಾತ್ರ ಕೊಟ್ಟು, ಮಾತು ಅರ್ಧವೇ ನಡೆದಿದ್ದರಿಂದ ಹಣವೂ ಅರ್ಧ ಎಂದರಂತೆ. ದೊಡ್ಡವರ ಎದುರಿಗೂ ಕಲಾವಿದೆಯ ಮಾನ ಕಡಿಮೆಯಲ್ಲ ಎಂಬ ನಿಲುವು ಅವರದಾಗಿತ್ತೆಂದು ಈ ಪ್ರಸಂಗ ಹೇಳುವವರ ಅಭಿಪ್ರಾಯ.

ಕೋರ್ಟು ಕಚೇರಿ

ಹಣ ಬಂದಷ್ಟೇ ವೇಗವಾಗಿ ಹೋಗಲು ಶುರುವಾಯಿತು. 1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ತಮ್ಮ ಮನೆಯಲ್ಲೇ, ಆಳಿನ ಮಗನಾಗಿ ಬೆಳೆದ ಭಗ್ಲು ಎಂಬಾತ, ತಾನೇ ಮಲ್ಕಾ ಜಾನ್ ಅವರ ಮಗ, ಆಸ್ತಿ ತನ್ನದು ಎಂದು ದಾವೆ ಹೂಡಿದ. ಇಡೀ ದೇಶ ಹೆಸರು ಹಿಡಿದು ಕರೆಯುತ್ತಿದ್ದ ಗಾಯಕಿ, ತಾನು ಯಾರ ಮಗಳೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ಚಿಕ್ಕಂದಿನಲ್ಲಿ ದೂರವಾದ ತಂದೆಯನ್ನು ಹುಡುಕಿಸಬೇಕಾಯಿತು. ಕೊನೆಗೆ ತೀರ್ಪು ಗೌಹರ್ ಅವರ ಕಡೆಗೇ ಆಯಿತು. ಆದರೆ ಅಷ್ಟರಲ್ಲಿ ಮನಸ್ಸಿನ ನೆಮ್ಮದಿಯೂ ಸಾಕಷ್ಟು ಹಣವೂ ಹೋಗಿದ್ದವು.

ಮುಂದೆ ತಮ್ಮ ಕಾರ್ಯದರ್ಶಿಯಾಗಿದ್ದ, ವಯಸ್ಸಿನಲ್ಲಿ ತಮಗಿಂತ ಚಿಕ್ಕವರಾದ ಸೈಯದ್ ಗುಲಾಮ್ ಅಬ್ಬಾಸ್ ಅವರನ್ನು ಗೌಹರ್ ಮದುವೆಯಾದರು. ಆ ಸಂಬಂಧವೂ ಬಾಳಲಿಲ್ಲ. ಮತ್ತೆ ಆಸ್ತಿಯ ಜಗಳ, ಮತ್ತೆ ಕೋರ್ಟು. ವಕೀಲರ ಫೀಜಿಗೆ, ವ್ಯಾಜ್ಯದ ಖರ್ಚಿಗೆ ಮನೆಗಳು ಕೈಬಿಟ್ಟವು. ಲಕ್ಷಗಟ್ಟಲೆ ಸಂಪಾದಿಸಿದ ಗಾಯಕಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಉಳಿದದ್ದು ಬಹಳ ಕಡಿಮೆ.

ಕಾಲವೂ ಬದಲಾಗುತ್ತಿತ್ತು. 1925ರ ಸುಮಾರಿಗೆ ಮೈಕ್ ಬಳಸುವ ವಿದ್ಯುತ್ ಧ್ವನಿಮುದ್ರಣ ಬಂತು. ಕಹಳೆಗೆ ಕೂಗಿ ಹಾಡಿದ ತಲೆಮಾರಿನ ಪ್ಲೇಟುಗಳು ಹಳೆಯವೆನಿಸಿದವು. ಹೊಸ ದನಿಗಳನ್ನು ಜನ ಕೇಳತೊಡಗಿದರು.

ಕೊನೆಯ ಪ್ರವಾಸ

ಗೌಹರ್ ಕಲ್ಕತ್ತೆ ಬಿಟ್ಟರು. ಡಾರ್ಜಿಲಿಂಗ್, ರಾಂಪುರ, ಬೊಂಬಾಯಿ, ಹೀಗೆ ಒಂದೊಂದು ಕಡೆ ಕೆಲವು ಕಾಲ ಇದ್ದರು. ಹಿಂದೆ ಕರೆಸಿಕೊಂಡವರು ಸಂಭ್ರಮಪಡುತ್ತಿದ್ದರು. ಈಗ ಆಶ್ರಯ ಕೊಡುವವರನ್ನು ಅವರೇ ಹುಡುಕಬೇಕಾಗಿತ್ತು. ಆಗ ಕೈಹಿಡಿದದ್ದು ಮೈಸೂರು.

ಮೈಸೂರನ್ನು ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸಂಗೀತಗಾರರಿಗೆ ಅದು ಮಡಿಲಿನಂಥ ಊರು. ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥ ಕರ್ನಾಟಕ ಸಂಗೀತದ ವಿದ್ವಾಂಸರು ಆಸ್ಥಾನದಲ್ಲಿದ್ದರು. ಹಿಂದೂಸ್ತಾನಿ ಸಂಗೀತಕ್ಕೂ ಅಷ್ಟೇ ಮನ್ನಣೆ. ಸಿತಾರ್ ವಾದಕ ಬರ್ಕತುಲ್ಲಾ ಖಾನರು ಆಸ್ಥಾನದವರಾಗಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಇಲ್ಲಿಗೆ ಬಂದು ಹಾಡುತ್ತಿದ್ದರು. ಆಗ್ರಾ ಘರಾಣೆಯ ಫೈಯಾಜ್ ಖಾನರಿಗೆ ಅಫ್ತಾಬ್-ಎ-ಮೌಸಿಕಿ, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ದೊರೆತದ್ದು ಈ ಅರಮನೆಯಿಂದಲೇ.

1928ರ ಆಗಸ್ಟ್ 1ರಂದು ಗೌಹರ್ ಜಾನ್ ಅರಮನೆಯ ಗಾಯಕಿಯಾಗಿ ನೇಮಕಗೊಂಡರು. ಸಂಬಳ ತಿಂಗಳಿಗೆ 500 ರೂಪಾಯಿ. ಇರಲು ದಿಲ್‌ಖುಷ್ ಎಂಬ ಮನೆಯನ್ನು ಕೊಟ್ಟರು. ಆ ಕಾಲಕ್ಕೆ ತಿಂಗಳಿಗೆ 500 ರೂಪಾಯಿ ಸಣ್ಣ ಹಣವಲ್ಲ. ಅರಮನೆ ಅವರನ್ನು ಗೌರವದಿಂದಲೇ ಕಂಡಿತೆನ್ನಬೇಕು. ಆದರೂ ಒಂದು ಲೆಕ್ಕ ಮನಸ್ಸಿಗೆ ಬಾರದೆ ಇರದು. ಒಂದು ಸಂಜೆಗೆ ಸಾವಿರ ಪಡೆದಿದ್ದ ಗಾಯಕಿಗೆ ಈಗ ಅದರ ಅರ್ಧದಲ್ಲಿ ಇಡೀ ತಿಂಗಳು ಕಳೆಯಬೇಕಾಗಿತ್ತು. ಪರಿಚಿತ ಭಾಷೆಯಿಲ್ಲದ ಊರು, ಹತ್ತಿರದವರಿಲ್ಲದ ಮನೆ, ಸೋಲುತ್ತಿದ್ದ ಆರೋಗ್ಯ.

ಮೈಸೂರಿನಲ್ಲಿ ಅವರು ಇದ್ದದ್ದು ಒಂದೂವರೆ ವರ್ಷಕ್ಕೂ ಕಡಿಮೆ. ಕಾಯಿಲೆ ಹೆಚ್ಚಾಗಿ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಸೇರಿಸಿದರು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 56 ವರ್ಷ. ಮರುವರ್ಷವೇ, 1931ರಲ್ಲಿ, ಭಾರತದ ಮೊದಲ ಮಾತಿನ ಚಿತ್ರ ಆಲಂ ಆರಾ ತೆರೆಗೆ ಬಂತು. 1934ರಲ್ಲಿ ಕನ್ನಡದ ಸತಿ ಸುಲೋಚನಾ ಬಂತು. 1935ರಲ್ಲಿ ಮೈಸೂರಿನಲ್ಲೇ ಗೋಪಾಲಸ್ವಾಮಿಯವರು ಆಕಾಶವಾಣಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಹಾಡುವವರ ದನಿ ಮನೆಮನೆಗೆ ಹೋಗುವ ಕಾಲಕ್ಕೆ ದಾರಿ ಮಾಡಿಕೊಟ್ಟವರು, ಆ ಕಾಲ ಬರುವ ಹೊಸ್ತಿಲಲ್ಲೇ ಹೊರಟುಹೋದರು. ಮೈಸೂರಿನಲ್ಲಿ ಅವರ ಸಮಾಧಿ ಇಲ್ಲಿದೆ ಎಂದು ತೋರಿಸಲು ಇಂದು ಗುರುತಿನ ಕಲ್ಲು ಕೂಡ ಇಲ್ಲ.

ಉಳಿದದ್ದು

ಹಾಗಾದರೆ ಉಳಿದದ್ದೇನು? ಚಿತ್‌ಪುರದ ಮನೆ ಉಳಿಯಲಿಲ್ಲ, ಒಡವೆ ಉಳಿಯಲಿಲ್ಲ, ಗೆದ್ದ ದಾವೆಗಳೂ ಉಪಯೋಗಕ್ಕೆ ಬರಲಿಲ್ಲ. ಉಳಿದದ್ದು ಆ ಮೂರು ಮೂರು ನಿಮಿಷದ ಹಾಡುಗಳು ಮತ್ತು ಅವುಗಳ ಕೊನೆಯಲ್ಲಿ ಅವರೇ ಹೇಳಿದ ಹೆಸರು. ಇನ್ನೊಂದು ಸಂಗತಿಯೂ ಇದೆ. ಮೈಸೂರು ಅರಮನೆಯ ದಫ್ತರದಲ್ಲಿ ಅವರ ನೇಮಕದ ಕಾಗದಪತ್ರಗಳು ಉಳಿದಿದ್ದವು. ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರಿಗೆ ಆ ಕಡತ ಕಂಡು, ಅದರ ಎಳೆ ಹಿಡಿದು ಊರೂರು ಹುಡುಕಿ, ಗೌಹರ್ ಜಾನ್ ಅವರ ಜೀವನ ಚರಿತ್ರೆಯನ್ನು ಬರೆದರು. ಅದು 2010ರಲ್ಲಿ ಪ್ರಕಟವಾಯಿತು. ಗುಮಾಸ್ತರೊಬ್ಬರು ಕಟ್ಟಿಟ್ಟ ಕಡತ ಮರೆತುಹೋಗಿದ್ದ ಒಂದು ಜೀವನವನ್ನು ಮರಳಿ ಕೊಟ್ಟಿತು. 2018ರ ಜೂನ್ 26ರಂದು, ಅವರ 145ನೆಯ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ ಗೌರವಿಸಿತು.

ಈ ಜೀವನದಿಂದ ವಿದ್ಯಾರ್ಥಿಗಳು ಎರಡು ಮಾತುಗಳನ್ನು ನೆನಪಿಡಬಹುದು. ಮೊದಲನೆಯದು, ಗಳಿಸುವ ವಿದ್ಯೆಯ ಜೊತೆಗೆ ಗಳಿಸಿದ್ದನ್ನು ಕಾಯುವ ವಿದ್ಯೆಯೂ ಬೇಕು. ಹತ್ತು ಭಾಷೆ ಬಲ್ಲ ಗಾಯಕಿ, ತಮ್ಮ ಆಸ್ತಿಯ ವಿಷಯದಲ್ಲಿ ನಂಬಿದವರಿಂದಲೇ ನೋಯಬೇಕಾಯಿತು. ಅದರಲ್ಲೂ ನಮ್ಮ ಹೆಣ್ಣುಮಕ್ಕಳು ತಮ್ಮ ಹೆಸರಿನ ಕಾಗದಪತ್ರ, ಬ್ಯಾಂಕಿನ ಲೆಕ್ಕ, ಕಾನೂನಿನ ಹಕ್ಕುಗಳನ್ನು ತಾವೇ ತಿಳಿದುಕೊಂಡಿರಬೇಕು.

ಎರಡನೆಯದು ಕೇಳುಗರಾದ ನಮಗೆಲ್ಲ ಸೇರಿದ್ದು. ದನಿ ಚೆನ್ನಾಗಿರುವಾಗ ಚಪ್ಪಾಳೆ ತಟ್ಟುವುದು ಸುಲಭ. ದನಿ ಕುಂದಿದ ಮೇಲೆ ಆ ಕಲಾವಿದರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ವಿಚಾರಿಸುವವರು ಕಡಿಮೆ. ನಮ್ಮ ಸುತ್ತಲಿನ ಊರುಗಳಲ್ಲೂ ಹಾಡಿದವರು, ವಾದ್ಯ ನುಡಿಸಿದವರು, ನಾಟಕದಲ್ಲಿ ಪಾತ್ರ ಮಾಡಿದವರು ಇದ್ದಾರೆ; ಈಗ ವಯಸ್ಸಾಗಿ ಮನೆಯಲ್ಲಿ ಕುಳಿತಿದ್ದಾರೆ. ಹೋಗಿ ಮಾತನಾಡಿಸಿ, ಅವರ ಒಂದು ಹಾಡನ್ನು ಮೊಬೈಲಿನಲ್ಲಿ ಹಿಡಿದಿಡಿ. ಹಾಡು ಮುಗಿದ ಮೇಲೆ ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ಗೌಹರ್ ಜಾನ್ ಅವರಿಗೆ ಅಂದು ಸಿಗದ ವಿದಾಯವನ್ನು ನಾವು ಇಂದು ಬೇರೆಯವರಿಗಾದರೂ ಕೊಡಬಹುದು.